ಜೊತೆಗೆ ಯಾರು ಬಂದಿದ್ದೀರಿ?



ತಪಸ್ಸು ಕಾಲದ ನಾಲ್ಕನೆಯ ವಾರದ ಮಂಗಳವಾರ ಪೂಜೆಯಲ್ಲಿ ನಾವು ಕೇಳುವ ಶುಭಸಂದೇಶ ಸಂತ ಯೊವಾನ್ನರ ಐದನೆಯ ಅಧ್ಯಾಯದ್ದು. ವಾರದ ನಡುವಿನ ದಿನವಾದ್ದರಿಂದ ಆ ಪೂಜೆಗೆ ಬರುವವರು ಹತ್ತೋ ಹನ್ನೆರಡೋ ಮಂದಿ. ಅವರಲ್ಲಿ ಹೆಚ್ಚಿನವರು ವಯಸ್ಸಾದವರೇ. ಕೋಲೂರಿಕೊಂಡು ಬಂದು, ಮೊದಲ ಬೆಂಚಿನಲ್ಲಿ ಕುಳಿತು, ನಮಗಿಂತ ಗಟ್ಟಿಯಾಗಿ ಪ್ರಾರ್ಥನೆ ಹೇಳುವವರು ಅವರು. ಆ ದಿನದ ವಾಚನ ಅವರ ಬಗ್ಗೆಯೇ ಇದೆ. ಆದರೆ ಅದನ್ನು ಕೇಳಿಸಿಕೊಳ್ಳಬೇಕಾದವರು ಭಾನುವಾರ ಬರುವ ಉಳಿದ ನಾವೆಲ್ಲರೂ, ಅದರಲ್ಲೂ ಆಸ್ಪತ್ರೆಗಳಲ್ಲಿ ಕೆಲಸ ಮಾಡುವ ನಮ್ಮ ಮಕ್ಕಳು. ಆದ್ದರಿಂದ ಆ ವಾಚನವನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿ ಧ್ಯಾನಿಸೋಣ.

ಜೆರುಸಲೇಮಿನ ಕುರಿಬಾಗಿಲಿನ ಬಳಿ ಒಂದು ಕೊಳ. ಅದರ ಸುತ್ತ ಐದು ಮಂಟಪಗಳು. ಮಂಟಪಗಳ ತುಂಬ ಕುರುಡರು, ಕುಂಟರು, ಕೈಕಾಲು ಬಿದ್ದುಹೋದವರು. ನೀರು ಕದಲಿದಾಗ ಮೊದಲು ಇಳಿದವರಿಗೆ ಗುಣವಾಗುತ್ತದೆ ಎಂಬ ನಂಬಿಕೆ. ಆ ಕೊಳದ ಅವಶೇಷ ಇಂದಿಗೂ ಇದೆ. ಪವಿತ್ರ ನಾಡಿಗೆ ಯಾತ್ರೆ ಹೋಗಿಬಂದವರು ಸಂತ ಅನ್ನಮ್ಮನವರ ದೇವಾಲಯದ ಪಕ್ಕದಲ್ಲೇ ಅದನ್ನು ನೋಡಿರುತ್ತಾರೆ. ಯೇಸುವಿನ ಅಜ್ಜಿಯ ಹೆಸರಿನ ದೇವಾಲಯ, ಅದರ ಬದಿಯಲ್ಲಿ ರೋಗಿಗಳ ಕೊಳ. ಇದನ್ನು ಯಾರೂ ಯೋಜಿಸಿ ಮಾಡಿದ್ದಲ್ಲ, ಆದರೂ ನೆನೆದಾಗಲೆಲ್ಲ ನಮಗೆ ಇಷ್ಟವಾಗುತ್ತದೆ.

ಅಲ್ಲಿ 38 ವರ್ಷಗಳಿಂದ ರೋಗದಲ್ಲಿದ್ದ ಒಬ್ಬ ಮನುಷ್ಯ. ಯೇಸುಸ್ವಾಮಿ ಅವನನ್ನು ನೋಡಿ, ಗುಣವಾಗಲು ಮನಸ್ಸಿದೆಯೇ ಎಂದು ಕೇಳುತ್ತಾರೆ. ಇದಕ್ಕೆ ಹೌದು ಎನ್ನಬಹುದು, ಇಲ್ಲ ಎನ್ನಬಹುದು. ಅವನು ಎರಡನ್ನೂ ಹೇಳುವುದಿಲ್ಲ. ನೀರು ಕದಲಿದಾಗ ತನ್ನನ್ನು ಇಳಿಸಲು ತನಗೆ ಯಾರೂ ಇಲ್ಲ, ತಾನು ತೆವಳಿಕೊಂಡು ಹೋಗುವಷ್ಟರಲ್ಲಿ ಬೇರೆಯವನು ಇಳಿದುಬಿಡುತ್ತಾನೆ ಎನ್ನುತ್ತಾನೆ. ಕೇಳಿದ್ದು ಕಾಯಿಲೆಯ ವಿಷಯ, ಬಂದ ಉತ್ತರ ಒಂಟಿತನದ ವಿಷಯ.

ಈ ಉತ್ತರವನ್ನು ಅನೇಕ ಪ್ರಸಂಗಿಗಳು ಅವನ ಸೋಮಾರಿತನವೆಂದೂ ನೆಪವೆಂದೂ ವಿವರಿಸುವುದುಂಟು. ನಮಗೆ ಹಾಗೆನಿಸುವುದಿಲ್ಲ. ಅವನು ತನ್ನ ರೋಗವನ್ನು ಅಲ್ಲಿದ್ದ ಎಲ್ಲರಿಗಿಂತ ಸರಿಯಾಗಿ ಅರ್ಥಮಾಡಿಕೊಂಡಿದ್ದಾನೆ. ಔಷಧಿ ಇಲ್ಲದೆ ಅವನು ಬಿದ್ದಿಲ್ಲ, ಔಷಧಿ ಹತ್ತು ಹೆಜ್ಜೆ ದೂರದಲ್ಲೇ ಇದೆ. ಆ ಹತ್ತು ಹೆಜ್ಜೆ ದಾಟಿಸುವವರಿಲ್ಲ, ಅಷ್ಟೇ. ಜನ ಇರುವವರು ಮೊದಲು ಇಳಿಯುತ್ತಾರೆ, ಯಾರೂ ಇಲ್ಲದವರು ಮಂಟಪದಲ್ಲೇ ಉಳಿಯುತ್ತಾರೆ. ಟೋಕನ್ ಪಡೆಯಲು ಬೆಳಿಗ್ಗೆ ಆರು ಗಂಟೆಗೆ ಸಾಲಿನಲ್ಲಿ ನಿಲ್ಲಲು ಮಗನೋ ಮೊಮ್ಮಗಳೋ ಇರುವ ಅಜ್ಜನಿಗೂ, ಮೊದಲ ಬಸ್ಸು ಹಿಡಿದು ಒಬ್ಬನೇ ಬರುವ ಅಜ್ಜನಿಗೂ ಇರುವ ವ್ಯತ್ಯಾಸ ನಮಗೆ ಗೊತ್ತಿಲ್ಲವೇ?

ನಾವು ಇರುವ ಜಾಗವನ್ನು ನೆನೆಯಿರಿ. ತಾಳವಾಡಿಯ ಸುತ್ತಲಿನ ಈ ಬೆಟ್ಟದ ಹಳ್ಳಿಗಳು ತಮಿಳುನಾಡಿಗೆ ಸೇರಿದವು, ಮನೆಮಾತು ಕನ್ನಡ. ನಮ್ಮ ಜಿಲ್ಲೆಯ ದೊಡ್ಡ ಆಸ್ಪತ್ರೆಗೆ ಹೋಗಬೇಕೆಂದರೆ ದಿಂಬಂ ಘಾಟಿಯ 27 ತಿರುವು ಇಳಿದು ಸತ್ಯಮಂಗಲ ದಾಟಬೇಕು. ಹತ್ತಿರದ ದೊಡ್ಡ ಆಸ್ಪತ್ರೆ ಇರುವುದು ಚಾಮರಾಜನಗರದಲ್ಲಿ, ಅಲ್ಲಿ ಮಾತು ನಮ್ಮದು, ಆದರೆ ರೇಷನ್ ಕಾರ್ಡು ನಮ್ಮದಲ್ಲ. ದಾರಿಯುದ್ದಕ್ಕೂ ಕಾಡು, ಸಂಜೆಯಾದರೆ ಆನೆ. ಇಂಥ ಕಡೆ ವಯಸ್ಸಾದವರು ಆಸ್ಪತ್ರೆಗೆ ಹೋಗುವುದೆಂದರೆ ಒಂದು ದಿನದ ಕೂಲಿ ಬಿಟ್ಟು ಜೊತೆಗೆ ಬರುವ ಇನ್ನೊಬ್ಬರು ಬೇಕು. ಮಕ್ಕಳು ತಿರುಪ್ಪೂರಿನ ಗಾರ್ಮೆಂಟ್ಸ್‌ನಲ್ಲಿ, ಕೊಯಮತ್ತೂರಿನಲ್ಲಿ, ಮೈಸೂರು ಬೆಂಗಳೂರುಗಳಲ್ಲಿ. ಅವರನ್ನು ದೂರುತ್ತಿಲ್ಲ. ಹೊಟ್ಟೆಪಾಡು ಕರೆದಲ್ಲಿಗೆ ಹೋಗಲೇಬೇಕು. ಅವರು ಕಳಿಸುವ ದುಡ್ಡಿನಿಂದಲೇ ಎಷ್ಟೋ ಮನೆಗಳ ಒಲೆ ಉರಿಯುತ್ತಿದೆ.

ನಮ್ಮ ಒಂದು ಊರಿನ ತಾಯಿಯೊಬ್ಬರಿಗೆ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಶಿಬಿರದಲ್ಲಿ ಪರೀಕ್ಷೆ ಮಾಡಿ, ಆಪರೇಷನ್ ಉಚಿತ, ಕರೆದುಕೊಂಡು ಹೋಗಲು ವ್ಯಾನೂ ಬರುತ್ತದೆ ಎಂದರು. ಒಂದೇ ಷರತ್ತು: ಜೊತೆಗೆ ಒಬ್ಬರು ಬರಬೇಕು, ಸಹಿ ಹಾಕಬೇಕು, ರಾತ್ರಿ ಇರಬೇಕು. ಮಗನಿಗೆ ರಜೆ ಸಿಗಲಿಲ್ಲ. ಮೊದಲ ಸಲ ಒಬ್ಬರೇ ಹೋದರು, ವಾಪಸು ಕಳಿಸಿದರು. ಎರಡನೆಯ ಸಲ ಬರುತ್ತೇನೆಂದು ಒಪ್ಪಿದ್ದ ಪಕ್ಕದ ಮನೆಯಾಕೆಗೆ ಅಂದೇ ಆಲೂಗಡ್ಡೆ ಕೀಳುವ ಕೂಲಿ ಸಿಕ್ಕಿತು. ವ್ಯಾನು ಬಂದು ನಿಂತು ಹೋಯಿತು. ಮೂರನೆಯ ಸಲ ಕರೆ ಬಂದಾಗ ಆ ತಾಯಿಯೇ ಬೇಡವೆಂದರು. “ಇರೋ ಬೆಳಕು ಸಾಕು ಸ್ವಾಮಿ, ಇನ್ನೆಷ್ಟು ದಿನ” ಎಂದರು. ಆಸ್ಪತ್ರೆಯ ನಿಯಮ ತಪ್ಪಲ್ಲ. ಕಣ್ಣಿಗೆ ಪಟ್ಟಿ ಕಟ್ಟಿದ ವೃದ್ಧೆಯನ್ನು ಒಬ್ಬಳೇ ಬಿಡಲಾಗದು. ಆದರೆ ಆ ಎರಡು ಸಲವೂ ಜೊತೆಗೆ ಯಾರು ಬಂದಿದ್ದೀರಿ ಎಂದು ಕೇಳಿದವರು, ಯಾರೂ ಇಲ್ಲ ಎಂಬ ಉತ್ತರ ಬಂದ ಮೇಲೆ ಮುಂದಿನ ಪ್ರಶ್ನೆ ಕೇಳಲಿಲ್ಲ. ಯಾರನ್ನು ಕೇಳಬಹುದು, ನಿಮ್ಮ ಊರಿನಲ್ಲಿ ಯಾವ ಚರ್ಚು, ಯಾವ ಸಂಘ, ಯಾವ ಸಿಸ್ಟರ್ ಇದ್ದಾರೆ ಎಂದು ಒಂದು ಫೋನ್ ಮಾಡಿದ್ದರೆ ಸಾಕಿತ್ತು. ಯೇಸುಸ್ವಾಮಿ ನಿಂತದ್ದು ಅಲ್ಲಿಯೇ, ಯಾರೂ ಇಲ್ಲ ಎಂಬ ಉತ್ತರದ ಬಳಿ. ಎಲ್ಲರೂ ಮುಂದೆ ಹೋಗುವ ಜಾಗದಲ್ಲಿ ಅವರು ನಿಂತರು.

ಆರೋಗ್ಯ ಸೇವೆಯಲ್ಲಿರುವ ನಮ್ಮ ಮಕ್ಕಳೊಡನೆ ಇಲ್ಲಿ ಸ್ವಲ್ಪ ಬಿಡಿಸಿ ಮಾತನಾಡಬೇಕು. ನಮ್ಮ ಧರ್ಮಕೇಂದ್ರದಿಂದ ನರ್ಸಿಂಗ್ ಕಲಿತು ಹೊರಗೆ ಕೆಲಸಕ್ಕೆ ಹೋದ ಹೆಣ್ಣುಮಕ್ಕಳಿದ್ದಾರೆ. ಲ್ಯಾಬಿನಲ್ಲಿ, ಔಷಧಿ ಅಂಗಡಿಯಲ್ಲಿ, 108 ಗಾಡಿಯಲ್ಲಿ ದುಡಿಯುವವರಿದ್ದಾರೆ. ಮಕ್ಕಳೇ, ನಿಮ್ಮ ಕಷ್ಟ ನಮಗೆ ಗೊತ್ತು. ಓಪಿಯಲ್ಲಿ ಒಬ್ಬೊಬ್ಬರಿಗೆ ಎರಡು ನಿಮಿಷ ಕೊಡುವುದೂ ಕಷ್ಟ. ಅದರ ನಡುವೆ ಕಥೆ ಕೇಳುತ್ತಾ ಕೂರಿ ಎಂದು ನಾವು ಹೇಳುವುದಿಲ್ಲ. ಆದರೂ ಕೆಲವು ಸಂಗತಿಗಳು ಔಷಧಿಯ ಲೆಕ್ಕಕ್ಕೇ ಸೇರಿದವು. ಅವನ್ನು ಬಿಟ್ಟರೆ ಔಷಧಿಯೇ ಕೆಲಸ ಮಾಡುವುದಿಲ್ಲ.

ಶುಗರ್ ಮಾತ್ರೆಯನ್ನೇ ತೆಗೆದುಕೊಳ್ಳಿ. ಊಟಕ್ಕೆ ಮುಂಚೆ ಎಂದು ಬರೆದುಕೊಡುತ್ತೇವೆ. ಅಜ್ಜಿ ವಿಧೇಯಳಾಗಿ ಮಾತ್ರೆ ನುಂಗುತ್ತಾಳೆ. ಊಟವೇ ಇಲ್ಲ, ಅಥವಾ ಒಬ್ಬಳಿಗಾಗಿ ಏನು ಬೇಯಿಸುವುದೆಂದು ಕಾಫಿ ಕುಡಿದು ಮಲಗಿದ್ದಾಳೆ. ಕೆಲವು ಬಗೆಯ ಮಾತ್ರೆ ಖಾಲಿ ಹೊಟ್ಟೆಗೆ ಬಿದ್ದರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯುತ್ತದೆ. ಬೆವರು, ನಡುಕ, ತೊದಲು, ಕೊನೆಗೆ ಪ್ರಜ್ಞೆ ತಪ್ಪುವುದು. ವಯಸ್ಸಾಯಿತು, ತಲೆ ಸುತ್ತಿ ಬಿದ್ದಳು ಎನ್ನುತ್ತಾರೆ ಊರವರು. ಮನೆಯಲ್ಲಿ ಅಡುಗೆ ಯಾರು ಮಾಡುತ್ತಾರೆ ಎಂಬ ಒಂದು ಪ್ರಶ್ನೆ ಅವಳನ್ನು ಉಳಿಸುತ್ತಿತ್ತು. ಬಿಪಿಗೆ, ಕಾಲೂತಕ್ಕೆ ಕೊಡುವ ನೀರು ಹೋಗುವ ಮಾತ್ರೆಯದೂ ಇದೇ ಕಥೆ. ಕಕ್ಕಸು ಮನೆಯ ಹೊರಗಿದೆ, ಮೆಟ್ಟಿಲು ಎತ್ತರ, ಮಂಡಿ ನೋವು, ಕತ್ತಲೆಯಲ್ಲಿ ಆನೆಯ ಭಯ. ಸಂಜೆ ಆ ಮಾತ್ರೆ ನುಂಗಿದರೆ ರಾತ್ರಿಯೆಲ್ಲ ಎದ್ದು ಹೋಗಬೇಕು. ಅಜ್ಜ ಮಾತ್ರೆಯನ್ನು ದಿಂಬಿನ ಕೆಳಗೆ ಇಡುತ್ತಾನೆ. ಮುಂದಿನ ತಿಂಗಳು ಬಿಪಿ ಇಳಿದಿಲ್ಲವೆಂದು ಡೋಸ್ ಹೆಚ್ಚುತ್ತದೆ. ಕಕ್ಕಸು ಎಲ್ಲಿದೆ ಎಂದು ಯಾರೂ ಕೇಳಲಿಲ್ಲ. ಕೇಳಿದ್ದರೆ ಡಾಕ್ಟರು ಅದನ್ನು ಬೆಳಿಗ್ಗೆಗೆ ಬದಲಾಯಿಸುತ್ತಿದ್ದರು.

ಇನ್ನೊಂದು, ನಮ್ಮ ಹಿರಿಯರು ಯಾರೂ ಆಸ್ಪತ್ರೆಗೆ ಬಂದು ನನಗೆ ಒಂಟಿತನ ಎಂದು ಹೇಳುವುದಿಲ್ಲ. ಅದು ಪುಸ್ತಕದ ಮಾತು. ಅವರು ಮೈ ಭಾರ ಎನ್ನುತ್ತಾರೆ, ನಿದ್ದೆ ಹತ್ತಲ್ಲ, ಊಟ ಸೇರಲ್ಲ, ಎದೆ ಢವಢವ ಅನ್ನುತ್ತೆ ಎನ್ನುತ್ತಾರೆ. ಇಸಿಜಿ ತೆಗೆದರೆ ಸರಿಯಾಗಿದೆ. ಮುಂದಿನ ವಾರ ಮತ್ತೆ ಬರುತ್ತಾರೆ. ಈ ಅಜ್ಜಿ ಮತ್ತೆ ಬಂದಳು ಎಂದು ಕೌಂಟರಿನಲ್ಲಿ ಮುಖ ಮುಖ ನೋಡಿಕೊಳ್ಳುತ್ತಾರೆ. ಬಂದದ್ದು ಬೇರೇನಕ್ಕೂ ಅಲ್ಲದಿರಬಹುದು, ಬಿಪಿ ನೋಡುವಾಗ ನರ್ಸು ತೋಳು ಹಿಡಿಯುತ್ತಾಳಲ್ಲ, ಅದಕ್ಕೇ ಇರಬಹುದು. ಪೇತ್ರನ ಅತ್ತೆ ಜ್ವರದಿಂದ ಮಲಗಿದ್ದಾಗ ಯೇಸುಸ್ವಾಮಿ ಮೊದಲು ಮಾಡಿದ್ದೂ ಅದನ್ನೇ, ಹತ್ತಿರ ಹೋಗಿ ಕೈ ಹಿಡಿದರು. ಹಾಗೆಂದು ಎಲ್ಲವನ್ನೂ ಮನಸ್ಸಿನ ಕಾಯಿಲೆಯೆಂದು ತಳ್ಳಿಹಾಕುವುದೂ ಅಪಾಯವೇ. ಸದಾ ಬರುವ ಅಜ್ಜಿಗೂ ಒಂದು ದಿನ ನಿಜವಾದ ಹೃದಯಾಘಾತ ಆಗಬಹುದು. ಹೃದ್ರೋಗ, ಪಾರ್ಶ್ವವಾಯು, ಮರೆವಿನ ರೋಗ ಇವೆಲ್ಲವೂ ಸಂಗಾತ ಇಲ್ಲದವರಲ್ಲಿ ಹೆಚ್ಚು ಎಂಬುದನ್ನು ಇಂದು ವೈದ್ಯಲೋಕ ಒಪ್ಪಿದೆ. ವಿಶ್ವ ಆರೋಗ್ಯ ಸಂಸ್ಥೆಯೇ 2023ರಲ್ಲಿ ಇದಕ್ಕಾಗಿ ಒಂದು ಆಯೋಗವನ್ನು ರಚಿಸಿತು. ವಿಶ್ವಗುರು ಫ್ರಾನ್ಸಿಸ್‌ರು 2024ರ ರೋಗಿಗಳ ವಿಶ್ವದಿನದ ಸಂದೇಶಕ್ಕೆ ಆರಿಸಿಕೊಂಡದ್ದು ಆದಿಕಾಂಡದಿಂದ. ಮನುಷ್ಯ ಒಂಟಿಯಾಗಿರುವುದನ್ನು ದೇವರು ಒಳ್ಳೆಯದೆಂದು ಕಾಣಲಿಲ್ಲವಲ್ಲ, ಆ ಮಾತು. ಸೃಷ್ಟಿಯಲ್ಲಿ ಎಲ್ಲವನ್ನೂ ನೋಡಿ ಚೆನ್ನಾಗಿದೆ ಎಂದ ದೇವರು ಮೊದಲ ಬಾರಿಗೆ ಚೆನ್ನಾಗಿಲ್ಲ ಎಂದದ್ದು ಇದೊಂದಕ್ಕೇ. ಪಾಪ ಇನ್ನೂ ಹುಟ್ಟಿರಲಿಲ್ಲ, ಸಾವು ಇರಲಿಲ್ಲ, ಒಂಟಿತನ ಮಾತ್ರ ಇತ್ತು.

ಭಾಷೆಯ ವಿಷಯಕ್ಕೆ ಬರೋಣ. ನಮ್ಮ ಧರ್ಮಪ್ರಾಂತ್ಯದಲ್ಲಿ ತಮಿಳು, ಮಲಯಾಳ, ಕನ್ನಡ, ಇಂಗ್ಲಿಷ್ ಎಲ್ಲವೂ ಉಂಟು. ಸಿಸ್ಟರುಗಳು ಒಂದು ಕಡೆಯವರು, ಡಾಕ್ಟರು ಇನ್ನೊಂದು ಕಡೆಯವರು. ಸಂತೆಯಲ್ಲಿ, ಬಸ್ಸಿನಲ್ಲಿ ತಮಿಳು ಮಾತಾಡುವ ನಮ್ಮ ಅಜ್ಜಂದಿರು ನೋವು ಬಂದಾಗ ಕನ್ನಡಕ್ಕೇ ಮರಳುತ್ತಾರೆ. ಕಳೆದ ವರ್ಷ ಒಬ್ಬ ಹಿರಿಯರನ್ನು ಒಂದು ಆಸ್ಪತ್ರೆಯಲ್ಲಿ ನೋಡಲು ಹೋಗಿದ್ದೆವು. ಅವರು “ಸಂಗಡ ಯಾರೂ ಇಲ್ಲ” ಎಂದು ಹೇಳುತ್ತಿದ್ದರು. ತಮಿಳು ನರ್ಸಮ್ಮ ಅದನ್ನು ಸಂಗಡಂ ಎಂದು ಕೇಳಿಸಿಕೊಂಡಿದ್ದರು. ತಮಿಳಿನಲ್ಲಿ ಸಂಗಡಂ ಎಂದರೆ ಕಷ್ಟ, ಇರುಸುಮುರುಸು. ನಮ್ಮಲ್ಲಿ ಸಂಗಡ ಎಂದರೆ ಜೊತೆ. ಎಲ್ಲಿ ಸಂಗಡಂ, ಹೊಟ್ಟೆಯಲ್ಲೋ ಎದೆಯಲ್ಲೋ ಎಂದು ಆಕೆ ಪ್ರೀತಿಯಿಂದಲೇ ವಿಚಾರಿಸುತ್ತಿದ್ದಳು. ನಾವು ಅರ್ಥ ಹೇಳಿದಾಗ ನಕ್ಕಳು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, ಎರಡೂ ಒಂದೇ ತಾನೇ ಫಾದರ್ ಎಂದಳು. ನಮಗೆ ಹೇಳಲು ಏನೂ ಉಳಿಯಲಿಲ್ಲ.

ಆದ್ದರಿಂದ ಭಾಷೆ ಬಾರದಿರುವುದು ಕರುಣೆಗೆ ಅಡ್ಡಿಯಲ್ಲ. ಆದರೂ ಒಂದು ಕೋರಿಕೆ. ಅನ್ಯಭಾಷೆಯ ಸಿಸ್ಟರುಗಳೇ, ಡಾಕ್ಟರುಗಳೇ, ಹತ್ತು ಕನ್ನಡ ವಾಕ್ಯ ಕಲಿಯಿರಿ. ಎಲ್ಲಿ ನೋಯುತ್ತೆ, ಊಟ ಆಯ್ತಾ, ರಾತ್ರಿ ನಿದ್ದೆ ಬಂತಾ, ಮನೇಲಿ ಯಾರಿದ್ದಾರೆ. ನಮ್ಮ ಕ್ಯಾಟೆಕಿಸಂ ಮಕ್ಕಳು ಒಂದು ಮಧ್ಯಾಹ್ನದಲ್ಲಿ ಕಲಿಸಿಕೊಡುತ್ತಾರೆ. ಮತ್ತೆ ನಮ್ಮ ಹಿರಿಯರು ಏನು ಕೇಳಿದರೂ ಪರವಾಗಿಲ್ಲ ಎನ್ನುತ್ತಾರೆ ಎಂಬುದನ್ನು ನೆನಪಿಡಿ. ಕಾಲು ಮುರಿದಿದ್ದರೂ ಪರವಾಗಿಲ್ಲ. ಆ ಪದಕ್ಕೆ ಅರ್ಥವಿಲ್ಲ, ಎರಡನೆಯ ಸಲ ಕೇಳಬೇಕು. ಕೆಲವು ಪ್ರಶ್ನೆಗಳನ್ನು ಮಾತ್ರ ಅವರೊಬ್ಬರೇ ಇರುವಾಗ ಕೇಳಬೇಕು. ಮಗ ಪಕ್ಕದಲ್ಲಿ ನಿಂತಿರುವಾಗ ಮನೆಯಲ್ಲಿ ಚೆನ್ನಾಗಿ ನೋಡಿಕೊಳ್ಳುತ್ತಾರಾ ಎಂದರೆ ಯಾವ ತಾಯಿ ಇಲ್ಲ ಎಂದಾಳು? ಮನೆ ತುಂಬ ಜನರಿದ್ದೂ ಒಂಟಿಯಾಗಿರುವವರು, ಪಿಂಚಣಿ ಬಂದ ದಿನ ಮಾತ್ರ ಮಾತನಾಡಿಸಲ್ಪಡುವವರು, ಮೈಮೇಲೆ ಪೆಟ್ಟಿನ ಗುರುತು ಇರುವವರು ನಮ್ಮ ನಡುವೆಯೂ ಇದ್ದಾರೆ. ಚರ್ಚಿಗೆ ಬರುವ ಮನೆಗಳಲ್ಲಿ ಇದು ನಡೆಯುವುದಿಲ್ಲ ಎಂದುಕೊಳ್ಳಬೇಡಿ. ತಂದೆತಾಯಿಯ ಪೋಷಣೆಗೆ 2007ರ ಕಾನೂನಿದೆ, ದೂರು ಕೇಳಲು ನ್ಯಾಯಮಂಡಳಿ ಇದೆ, 14567 ಎಂಬ ಹಿರಿಯರ ಸಹಾಯವಾಣಿ ಇದೆ. ದಶಾಜ್ಞೆಗಳಲ್ಲಿ ನಾಲ್ಕನೆಯದಂತೂ ಅದಕ್ಕೂ ಬಹಳ ಮುಂಚಿನಿಂದ ಇದೆ.

ಸರ್ಕಾರ ಏನೂ ಮಾಡುತ್ತಿಲ್ಲ ಎನ್ನುವಂತಿಲ್ಲ. 2021ರ ಆಗಸ್ಟ್ 5ರಂದು ತಮಿಳುನಾಡು ಸರ್ಕಾರ ಮಕ್ಕಳೈ ತೇಡಿ ಮರುತ್ತುವಂ ಎಂಬ ಯೋಜನೆಯನ್ನು ಆರಂಭಿಸಿತು. ಅದು ಶುರುವಾದದ್ದು ಹೊಸೂರಿರುವ ಕೃಷ್ಣಗಿರಿ ಜಿಲ್ಲೆಯ ಸಾಮನಪಳ್ಳಿಯಲ್ಲಿ, ನಮ್ಮಂತೆಯೇ ಕನ್ನಡಿಗರು ನೆಲೆಸಿರುವ ಜಿಲ್ಲೆ. ಜನರನ್ನು ಹುಡುಕಿ ವೈದ್ಯ ಎಂದು ಆ ಹೆಸರಿನ ಅರ್ಥ. ಬಿಪಿ, ಶುಗರ್ ಮಾತ್ರೆಗಳು ಮನೆಬಾಗಿಲಿಗೆ ಬರುತ್ತವೆ, ಹಾಸಿಗೆ ಹಿಡಿದವರಿಗೆ ಮನೆಯಲ್ಲೇ ಆರೈಕೆ ಮತ್ತು ಫಿಸಿಯೋಥೆರಪಿ ಇದೆ. ಮಾತ್ರೆ ತರುವ ಆ ಹೆಣ್ಣುಮಗಳು ಎಷ್ಟೋ ಮನೆಗಳಿಗೆ ಆ ತಿಂಗಳು ಬಂದ ಒಬ್ಬಳೇ ಅತಿಥಿ. ಅವಳಿಗೆ ಒಂದು ಲೋಟ ನೀರು ಕೊಟ್ಟು ಕೂರಿಸಿ. ಅವಳೂ ಐದು ನಿಮಿಷ ಕುಳಿತರೆ ಮಾತ್ರೆಯಷ್ಟೇ ಗುಣ. ಹೋದ ಸಲದ ಮಾತ್ರೆ ಮಿಕ್ಕಿದೆಯೇ ಎಂದು ಡಬ್ಬಿ ತೆಗೆದು ನೋಡಿದರೆ ಬಹಳಷ್ಟು ಸಂಗತಿ ತಿಳಿಯುತ್ತದೆ. ಕೇಂದ್ರ ಸರ್ಕಾರವು 2024ರ ಅಕ್ಟೋಬರ್ 29ರಂದು 70 ವರ್ಷ ದಾಟಿದ ಎಲ್ಲರಿಗೂ ಆದಾಯ ನೋಡದೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಆಸ್ಪತ್ರೆ ಖರ್ಚಿನ ಕಾರ್ಡು ಕೊಡುವ ಯೋಜನೆಗೆ ಚಾಲನೆ ನೀಡಿತು. ಒಳ್ಳೆಯದೇ. ಆದರೆ ಕಾರ್ಡಿಗೆ ಆಧಾರ್ ಬೇಕು, ಒಟಿಪಿ ಬರಲು ಫೋನ್ ಬೇಕು, ಜೀವನವಿಡೀ ಮಣ್ಣಿನಲ್ಲಿ ದುಡಿದ ಬೆರಳಿನ ಗುರುತು ಯಂತ್ರಕ್ಕೆ ಸಿಗುವುದಿಲ್ಲ. ಇಲ್ಲಿಯೂ ನೀರು ಹತ್ತು ಹೆಜ್ಜೆ ದೂರದಲ್ಲಿದೆ, ಇಳಿಸುವವರು ಬೇಕು.

ಆಸ್ಪತ್ರೆಯವರೇ ಎಲ್ಲವನ್ನೂ ಮಾಡಲಿ ಎನ್ನುವುದು ಅನ್ಯಾಯ. ಒಳ್ಳೆಯ ಸಮಾರಿಯದವನ ಸಾಮತಿಯನ್ನು ನೋಡಿ. ಅವನು ಎಣ್ಣೆ ಮತ್ತು ದ್ರಾಕ್ಷಾರಸ ಸುರಿದು ಗಾಯ ಕಟ್ಟಿದ. ಅದು ಚಿಕಿತ್ಸೆ. ಆಮೇಲೆ ತನ್ನ ಪ್ರಾಣಿಯ ಮೇಲೆ ಕೂರಿಸಿ ಛತ್ರಕ್ಕೆ ಕರೆತಂದ. ಅದು ಗಾಡಿ ವ್ಯವಸ್ಥೆ. ಆ ರಾತ್ರಿ ಅಲ್ಲೇ ಉಳಿದ. ಮರುದಿನ ಛತ್ರದವನಿಗೆ ಎರಡು ನಾಣ್ಯ ಕೊಟ್ಟು, ಹೆಚ್ಚು ಖರ್ಚಾದರೆ ಮರಳಿ ಬರುವಾಗ ಕೊಡುತ್ತೇನೆಂದ. ಎಲ್ಲರೂ ಸಮಾರಿಯದವನನ್ನು ಹೊಗಳುತ್ತೇವೆ, ಛತ್ರದವನ ಬಗ್ಗೆ ಪ್ರಸಂಗ ಮಾಡುವವರು ಕಡಿಮೆ. ದಿನವಿಡೀ ರೋಗಿಯನ್ನು ನೋಡಿಕೊಂಡವನು ಅವನೇ. ನಮ್ಮ ನರ್ಸುಗಳು, ಆಯಾಗಳು ಛತ್ರದವನ ಸ್ಥಾನದಲ್ಲಿದ್ದಾರೆ. ಆ ಕೆಲಸ ನಡೆಯಬೇಕಾದರೆ ಎರಡು ನಾಣ್ಯ ಕೊಟ್ಟು ಮರಳಿ ಬರುತ್ತೇನೆ ಎನ್ನುವ ಒಬ್ಬ ಹೊರಗಿನವನು ಬೇಕು. ಆ ಹೊರಗಿನವನು ಧರ್ಮಕೇಂದ್ರ.

ನಮ್ಮ ಪಕ್ಕದ ಕೇರಳದಲ್ಲಿ ಇದನ್ನು ಮಾಡಿ ತೋರಿಸಿದ್ದಾರೆ. 1993ರಲ್ಲಿ ಕೋಝಿಕ್ಕೋಡಿನ ಮೆಡಿಕಲ್ ಕಾಲೇಜಿನಲ್ಲಿ ಡಾ. ಎಂ. ಆರ್. ರಾಜಗೋಪಾಲ್, ಡಾ. ಸುರೇಶ್ ಕುಮಾರ್ ಮುಂತಾದವರು ಸೇರಿ ನೋವು ನಿವಾರಣೆ ಮತ್ತು ಉಪಶಮನ ಆರೈಕೆಯ ಸಂಘ ಕಟ್ಟಿದರು. ಬೇಗನೆ ಅವರಿಗೆ ಒಂದು ಸಂಗತಿ ಅರಿವಾಯಿತು. ನೋವಿಗೆ ಮಾರ್ಫಿನ್ ಕೊಡಬಹುದು, ಮನೆಯಲ್ಲಿ ಅಕ್ಕಿ ಇಲ್ಲದ್ದಕ್ಕೆ, ಮಕ್ಕಳ ಶಾಲೆ ನಿಂತದ್ದಕ್ಕೆ ಡಾಕ್ಟರ ಬಳಿ ಮಾತ್ರೆ ಇಲ್ಲ. ಹಾಗಾಗಿ ಮಲಪ್ಪುರಂ ಮತ್ತಿತರ ಕಡೆ ನೆರೆಹೊರೆಯ ಜಾಲ ಬೆಳೆಯಿತು. ವಾರಕ್ಕೆ ಎರಡು ಗಂಟೆ ಕೊಡಬಲ್ಲ ಅಂಗಡಿಯವರು, ಆಟೋದವರು, ಟೀಚರುಗಳು, ವಿದ್ಯಾರ್ಥಿಗಳು ತರಬೇತಿ ಪಡೆದು ನರ್ಸಿನ ಜೊತೆ ಮನೆಗಳಿಗೆ ಹೋದರು. ಜನ ಹತ್ತು ಇಪ್ಪತ್ತು ರೂಪಾಯಿಗಳಂತೆ ದುಡ್ಡು ಹಾಕಿದರು. 2008ರಲ್ಲಿ ಕೇರಳ ಸರ್ಕಾರ ಇದನ್ನೇ ತನ್ನ ನೀತಿಯಾಗಿ ಮಾಡಿಕೊಂಡು ಪಂಚಾಯತಿಗಳಿಗೆ ಹೊಣೆ ಕೊಟ್ಟಿತು. ವಯನಾಡಿನಲ್ಲಿ ನೆಂಟರಿರುವವರು ಅಲ್ಲಿಗೆ ಹೋದಾಗ ವಿಚಾರಿಸಿ ನೋಡಿ. ಅದರಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ ಎಲ್ಲರೂ ಇದ್ದಾರೆ. ನಾವೂ ನಮ್ಮ ಅಜ್ಜ ಅಜ್ಜಿಯರಿಗೆ ಮಾತ್ರ ಎಂದು ಬೇಲಿ ಹಾಕಬೇಕಿಲ್ಲ. ಈ ಬೆಟ್ಟದಲ್ಲಿ ನಾವು ಸಣ್ಣ ಗುಂಪು. ಸಣ್ಣ ಗುಂಪಿನವರು ತಮ್ಮವರನ್ನಷ್ಟೇ ನೋಡಿಕೊಂಡರೆ ಇನ್ನೂ ಸಣ್ಣದಾಗುತ್ತಾರೆ.

ನಮ್ಮ ಸಂತರಲ್ಲಿ ಜಾನ್ ಜುಗಾನ್ ಎಂಬ ತಾಯಿಯನ್ನು ಇಲ್ಲಿ ನೆನೆಯದಿದ್ದರೆ ಆಗದು. ಫ್ರಾನ್ಸಿನ ಸೆಂತ್ ಸೆರ್ವಾನ್ ಎಂಬ ಕಡಲತೀರದ ಊರಿನಲ್ಲಿ 1839ರ ಚಳಿಗಾಲ. ಮನೆಗೆಲಸ, ಆಸ್ಪತ್ರೆ ಕೆಲಸ ಮಾಡಿ ಜೀವಿಸುತ್ತಿದ್ದ ಆಕೆ, ಕುರುಡಿಯಾಗಿ ಪಾರ್ಶ್ವವಾಯು ಬಡಿದಿದ್ದ ಒಬ್ಬ ಮುದುಕಿಯನ್ನು ಹೊತ್ತು ಮೆಟ್ಟಿಲು ಹತ್ತಿ ತನ್ನ ಹಾಸಿಗೆಯನ್ನೇ ಕೊಟ್ಟಳು. ಹಾಗೆ ಶುರುವಾದದ್ದು ಬಡವರ ಪುಟ್ಟ ಸಹೋದರಿಯರ ಸಭೆ. ಅವರ ವೃದ್ಧಾಶ್ರಮ ಬೆಂಗಳೂರಿನ ಹೊಸೂರು ರಸ್ತೆಯಲ್ಲಿಯೂ ಇದೆ. ಆಕೆ ಮಾಡಿದ ಒಂದು ಕೆಲಸ ನಮ್ಮನ್ನು ಬಹಳ ಸೆಳೆಯುತ್ತದೆ. ಅಲ್ಲಿಗೆ ಬಂದ ಮುದುಕಿಯರಲ್ಲಿ ಹಲವರು ಭಿಕ್ಷೆ ಬೇಡಿ ಬದುಕಿದವರು. ಯಾರ ಮನೆಯಲ್ಲಿ ನಿಮಗೆ ಕೊಡುತ್ತಿದ್ದರು ಎಂದು ಆಕೆ ಅವರನ್ನು ಕೇಳಿ ತಿಳಿದು, ಬುಟ್ಟಿ ಹಿಡಿದು ಅವರ ಬದಲಿಗೆ ತಾನೇ ಅದೇ ಮನೆಗಳಿಗೆ ಹೋದಳು. ಮುದುಕಿಗೆ ಯಾರೂ ಇಲ್ಲ ಎಂದು ಎಣಿಸದೆ, ಅವಳಿಗೆ ಯಾರಿದ್ದರು ಎಂದು ಹುಡುಕಿ ಆ ನಂಟನ್ನು ಕಡಿಯದಂತೆ ಕಾದಳು. ವೃದ್ಧೆಯರನ್ನು ಸುಮ್ಮನೆ ಕೂರಿಸಲೂ ಇಲ್ಲ, ಕೈಲಾದವರು ನೂಲುತ್ತಿದ್ದರು. 2009ರಲ್ಲಿ ವಿಶ್ವಗುರು 16ನೇ ಬೆನೆಡಿಕ್ಟರು ಆಕೆಯನ್ನು ಸಂತಳೆಂದು ಸಾರಿದರು.

ಕೈಕೆಲಸದ ಮಾತು ಬಂತು. ಪೇತ್ರನ ಅತ್ತೆ ಜ್ವರ ಬಿಟ್ಟ ಕೂಡಲೆ ಎದ್ದು ಎಲ್ಲರಿಗೂ ಉಪಚಾರ ಮಾಡಿದಳು. ಅದನ್ನು ಓದಿ ಪಾಪ ಆ ಮುದುಕಿಯನ್ನು ಮಲಗಲೂ ಬಿಡಲಿಲ್ಲವಲ್ಲ ಎನ್ನುವವರಿದ್ದಾರೆ. ಆದರೆ ನಮ್ಮ ಅಜ್ಜಿಯರನ್ನು ಬಲ್ಲವರು ಹಾಗೆ ಹೇಳರು. ನನ್ನಿಂದ ಇನ್ನು ಯಾರಿಗೂ ಏನೂ ಆಗಬೇಕಿಲ್ಲ ಎಂಬುದಕ್ಕಿಂತ ದೊಡ್ಡ ರೋಗ ಅವರಿಗಿಲ್ಲ. ನಮ್ಮ ಮಕ್ಕಳು ತಮಿಳು ಮಾಧ್ಯಮದಲ್ಲಿ, ಇಂಗ್ಲಿಷ್ ಮಾಧ್ಯಮದಲ್ಲಿ ಓದುತ್ತಿದ್ದಾರೆ. ಕನ್ನಡದ ಜಪಸರ, ಶಿಲುಬೆ ಹಾದಿಯ ಪ್ರಾರ್ಥನೆಗಳು, ಹಳೆಯ ಗೀತೆಗಳು ಬಾಯಿಪಾಠವಾಗಿರುವುದು ಆ ಮೊದಲ ಬೆಂಚಿನವರಿಗೆ ಮಾತ್ರ. ಅವರು ಹೋದರೆ ಅವೂ ಹೋದವು. ಆದ್ದರಿಂದ ಸಿಸ್ಟರುಗಳ ದವಾಖಾನೆಗೆ ಒಂದು ಸಲಹೆ ಕೊಟ್ಟಿದ್ದೇವೆ. ನಿದ್ದೆ ಬರುವುದಿಲ್ಲ, ಮೈ ಭಾರ ಎಂದು ಬರುವ ಹಿರಿಯರಿಗೆ ಪರೀಕ್ಷೆ ಮಾಡಿ ಬೇಕಾದ ಔಷಧಿ ಬರೆದ ಮೇಲೆ, ಚೀಟಿಯ ಕೆಳಗೆ ಇನ್ನೊಂದು ಸಾಲು ಬರೆಯಿರಿ: ಭಾನುವಾರ ಪೂಜೆಯ ನಂತರ ಮಕ್ಕಳಿಗೆ ಜಪ ಕಲಿಸಲು ಬನ್ನಿ. ಡಾಕ್ಟರಮ್ಮ ಬರೆದದ್ದನ್ನು ನಮ್ಮ ಅಜ್ಜಿಯರು ತಪ್ಪಿಸುವುದಿಲ್ಲ. ಗುರುಗಳು ಹೇಳಿದ್ದನ್ನಾದರೂ ತಪ್ಪಿಸಬಹುದು.

ಈಗ ಮಾಡಬೇಕಾದ ಕೆಲಸ. ದೇವಾಲಯದ ಬಾಗಿಲ ಬಳಿ, ತೀರ್ಥದ ತೊಟ್ಟಿಯ ಪಕ್ಕದ ಮೇಜಿನ ಮೇಲೆ ಒಂದು ನೋಟುಪುಸ್ತಕ ಇಟ್ಟಿದ್ದೇವೆ. ಆಸ್ಪತ್ರೆಗೆ ಜೊತೆ ಹೋಗಬಲ್ಲವರು ತಮ್ಮ ಹೆಸರು, ಫೋನ್ ನಂಬರು, ಯಾವ ದಿನ ಬಿಡುವು, ತಮಿಳು ಮಲಯಾಳ ಬರುತ್ತದೆಯೇ ಎಂದು ಬರೆಯಬೇಕು. ಕೂಲಿ ಬಿಟ್ಟು ಹೋಗುವವರಿಗೆ ಆ ದಿನದ ಕೂಲಿಯನ್ನು ತಪಸ್ಸು ಕಾಲದ ಕಾಣಿಕೆಯಿಂದ ಕೊಡಲಾಗುವುದು. ಇದರಲ್ಲಿ ಸಂಕೋಚ ಬೇಡ, ಎರಡು ನಾಣ್ಯ ಇರುವುದೇ ಅದಕ್ಕೆ. ಸಹಾಯ ಬೇಕಾದವರ ಹೆಸರನ್ನು ಮಾತ್ರ ಆ ಪುಸ್ತಕದಲ್ಲಿ ಬರೆಯಬೇಡಿ. ಅದು ಎಲ್ಲರ ಕಣ್ಣಿಗೆ ಬೀಳುವ ಜಾಗ. ದವಾಖಾನೆಯ ಸಿಸ್ಟರಿಗೋ ಗುರುಮನೆಗೋ ಬಂದು ಹೇಳಿ, ಆ ಹಿರಿಯರ ಒಪ್ಪಿಗೆ ಪಡೆದ ಮೇಲೆ. ಅವರ ಕಾಯಿಲೆ, ಅವರ ಮನೆಯ ಜಗಳ ಊರಿನ ಮಾತಾಗಬಾರದು. ಕಣ್ಣಿನ ಆಪರೇಷನ್‌ಗೆ ಕರೆ ಬಂದು ಕಾಯುತ್ತಿರುವವರನ್ನು ಮೊದಲು ಕರೆದುಕೊಂಡು ಹೋಗುತ್ತೇವೆ. ಬೇಡವೆಂದವರನ್ನೂ ಇನ್ನೊಮ್ಮೆ ಕೇಳುತ್ತೇವೆ.

ಶುಕ್ರವಾರದ ಶಿಲುಬೆ ಹಾದಿಯಲ್ಲಿ ಐದನೆಯ ಸ್ಥಳದ ಬಳಿ ಈ ವಾರ ಸ್ವಲ್ಪ ಹೆಚ್ಚು ಹೊತ್ತು ನಿಲ್ಲೋಣ. ಸಿರೇನ್ಯದ ಸಿಮೋನನು ತಾನಾಗಿ ಬಂದವನಲ್ಲ, ಹೊಲದಿಂದ ಬರುತ್ತಿದ್ದವನನ್ನು ಹಿಡಿದು ಶಿಲುಬೆ ಹೊರಿಸಿದರು. ಅವನಿಗೂ ಆ ದಿನ ಬೇರೆ ಕೆಲಸವಿತ್ತು.

ಪವಿತ್ರ ವಾರದಲ್ಲಿ ಮೇತ್ರಾಣಿಗಳು ಆಶೀರ್ವದಿಸುವ ರೋಗಿಗಳ ತೈಲ ನಮ್ಮ ದೇವಾಲಯಕ್ಕೆ ಬರುತ್ತದೆ. ಪಾಸ್ಖ ಹಬ್ಬದ ನಂತರದ ವಾರದಿಂದ ಹಾಸಿಗೆ ಹಿಡಿದವರ ಮನೆಗಳಿಗೆ ಪರಮಪ್ರಸಾದ ಮತ್ತು ಅಭ್ಯಂಗ ಸಂಸ್ಕಾರಕ್ಕಾಗಿ ಬರುತ್ತೇವೆ. ಈ ಸಲ ಗುರುಗಳೊಬ್ಬರೇ ಬರುವುದಿಲ್ಲ. ದವಾಖಾನೆಯ ಸಿಸ್ಟರು ಮತ್ತು ಇಬ್ಬರು ಯುವಜನರು ಜೊತೆಗಿರುತ್ತಾರೆ. ಸಿಸ್ಟರು ಮಾತ್ರೆ ಡಬ್ಬಿ ನೋಡುತ್ತಾರೆ, ಯುವಕರು ಕಕ್ಕಸಿನ ದಾರಿ, ಮೆಟ್ಟಿಲು, ದೀಪ ನೋಡಿ ರಿಪೇರಿ ಬೇಕಿದ್ದರೆ ಬರೆದುಕೊಳ್ಳುತ್ತಾರೆ. ಆಧಾರ್ ಕಾರ್ಡು ಮತ್ತು ಪಿಂಚಣಿ ಪುಸ್ತಕವನ್ನು ಕೈಗೆಟಕುವಲ್ಲಿ ಇಟ್ಟಿರಿ. ಮನೆಗೆ ಬರುವುದು ಬೇಡ ಎನ್ನುವವರಿದ್ದರೆ ಅದನ್ನೂ ತಿಳಿಸಿ. ದೂರದ ಊರುಗಳವರು ಗುಡ್‌ಫ್ರೈಡೇ ಒಳಗೆ ಗುರುಮನೆಗೆ ಹೆಸರು ಕೊಟ್ಟರೆ ಸಂಜೆ ಕತ್ತಲಾಗುವ ಮುಂಚೆ ಕಾಡುದಾರಿ ದಾಟುವಂತೆ ದಿನ ಗೊತ್ತುಮಾಡಿ ತಿಳಿಸುತ್ತೇವೆ.